ಗಾಣದ ಮನಿಯಲ್ಲಿ ಕೇಳಿದ ಸೆರಾಂಪುರದ ಕತೆ

ಕಬ್ಬು ಕಡಿಯುವ ದಿನಗಳು ಬಂದವೆಂದರೆ ನಮ್ಮ ಮಮದಾಪುರದಲ್ಲಿ ರಾತ್ರಿಗೂ ಹಗಲಿಗೂ ಹೆಚ್ಚು ವ್ಯತ್ಯಾಸ ಉಳಿಯುತ್ತಿರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮ ಸೀಮೆಯ ಕಬ್ಬೆಲ್ಲ ಆಗಿನ್ನೂ ಕಾರ್ಖಾನೆಯ ದಾರಿ ಹಿಡಿದಿರಲಿಲ್ಲ. ಹೊಲದ ಅಂಚಿಗೆ ಗಾಣ ಹೂಡಿ ತಾವೇ ಬೆಲ್ಲ ಮಾಡುವ ಮನೆತನಗಳು ಸಾಕಷ್ಟಿದ್ದವು. ನಮ್ಮದೂ ಅಂಥ ಒಂದು ಗಾಣ. ಸಂಜೆ ಒಲೆ ಹೊತ್ತಿಸಿದರೆ ಕಡಾಯಿಯಲ್ಲಿ ಕಬ್ಬಿನ ಹಾಲು ಉಕ್ಕಿ, ಸುಣ್ಣ ಬಿದ್ದು, ಮಡ್ಡಿ ಮೇಲೆ ಬಂದು, ಅದನ್ನು ತೆಗೆದು ತೆಗೆದು ಹಾಕಿ, ಪಾಕ ಹದಕ್ಕೆ ಬರುವಷ್ಟರಲ್ಲಿ ಊರೆಲ್ಲ ಮಲಗಿರುತ್ತಿತ್ತು. ಒಣಗಿದ ಸಿಪ್ಪೆಯನ್ನು ಒಲೆಗೆ ತುಂಬುವವನು ಮಾತ್ರ ಎದ್ದಿದ್ದರೆ ಸಾಲದು. ಅವನಿಗೆ ನಿದ್ದೆ ಬಾರದಂತೆ ಮಾತಾಡುವವರೂ ಬೇಕು. ಹಾಗಾಗಿ ಗಾಣದ ಮನಿಯಲ್ಲಿ ಕತೆಗಳಿಗೆ ಎಂದೂ ಬರ ಬರಲಿಲ್ಲ. ಹುಡುಗರಾದ ನಾವು ಕೆಂಡದಲ್ಲಿ ಸುಲಗಾಯಿ ಸುಟ್ಟುಕೊಂಡು, ಬಿಸಿ ಬೆಲ್ಲ ನೆಕ್ಕಿಕೊಂಡು, ದೊಡ್ಡವರ ಕಾಲಬುಡದಲ್ಲಿ ಕೂತಿರುತ್ತಿದ್ದೆವು.

ಆ ಕತೆಗಳಲ್ಲಿ ಬಹಳಷ್ಟು ಭೂತದ ಕತೆ, ಕಳ್ಳರ ಕತೆ, ಸಂಗೊಳ್ಳಿ ರಾಯಣ್ಣನ ಕತೆ. ಅವುಗಳ ನಡುವೆ ಒಂದು ಕತೆ ಬೇರೆಯಾಗಿ ನನ್ನೊಳಗೆ ಉಳಿದಿದೆ. ಅದನ್ನು ಹೇಳಿದವರು ಬೆಳಗಾವಿಯಿಂದ ಬಂದಿದ್ದ ಒಬ್ಬ ವೃದ್ಧ ಪಾದ್ರಿ. ನಮ್ಮಪ್ಪನಿಗೆ ಅವರು ಗೋಕಾಕದ ಸಂತೆಯಲ್ಲಿ ಪರಿಚಯವಾದವರು. ಒಂದು ಕಾಲದಲ್ಲಿ ಸೈಕಲ್ ಮೇಲೆ ಈ ಭಾಗದ ಹಳ್ಳಿಗಳನ್ನೆಲ್ಲ ಸುತ್ತಿದವರು. ಕೆಲಸದಿಂದ ನಿವೃತ್ತಿಯಾದ ಮೇಲೂ ಬೆಲ್ಲದ ಕಾಲಕ್ಕೆ ಬಂದು ಒಂದೆರಡು ದಿನ ಇದ್ದು ಹೋಗುತ್ತಿದ್ದರು. ಊರವರಿಗೆಲ್ಲ ಅವರು 'ಪಾದ್ರಿ ಅಜ್ಜಾರು'. ಅವ್ವ ಅವರಿಗಾಗಿ ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ ಮಾಡಿ ಗಾಣಕ್ಕೇ ಬುತ್ತಿ ಕಳಿಸುತ್ತಿದ್ದಳು. ಉಣ್ಣುವ ಮೊದಲು ಕಣ್ಣು ಮುಚ್ಚಿ ಎರಡು ಮಾತು ಪ್ರಾರ್ಥನೆ ಮಾಡುತ್ತಿದ್ದರು. ಅವರು ಕಣ್ಣು ತೆರೆಯುವ ತನಕ ಉಳಿದವರೂ ರೊಟ್ಟಿ ಮುರಿಯುತ್ತಿರಲಿಲ್ಲ. ಯಾರೂ ಯಾರಿಗೂ ಹೇಳಿಕೊಟ್ಟ ಮರ್ಯಾದೆಯಲ್ಲ ಅದು.

ಆ ರಾತ್ರಿ ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿತು. ಒಲೆಯಿಂದ ಹಾರಿದ ಕಿಡಿ ಪಕ್ಕದ ರವದಿ ರಾಶಿಗೆ ಬಿತ್ತು. ಒಬ್ಬ ಹುಡುಗ ಗಾಬರಿಯಿಂದ ಓಡಿ ಹೋಗಿ ಕೋಲಿನಿಂದ ರಾಶಿಯನ್ನು ಕೆದಕತೊಡಗಿದ. ಅಪ್ಪ ಅಲ್ಲಿಂದಲೇ ಕೂಗಿದ: "ಕೆದಕಬ್ಯಾಡ್ರೋ! ಹಸಿ ಚೀಲ ಹಾಕಿ ಮುಚ್ರಿ!" ನಾಲ್ಕು ಜನ ನೀರಲ್ಲಿ ಅದ್ದಿದ ಗೋಣಿಚೀಲ ಹೊದಿಸಿ, ಮೇಲೆ ಮಣ್ಣು ಎಳೆದರು. ಸ್ವಲ್ಪ ಹೊತ್ತಿಗೆ ಹೊಗೆಯೂ ನಿಂತಿತು. ಎಲ್ಲರೂ ಮತ್ತೆ ಒಲೆಯ ಮುಂದೆ ಬಂದು ಕೂತಾಗ ಪಾದ್ರಿ ಅಜ್ಜಾರು ಹೇಳಿದರು: "ಗಾಳಿ ಸಿಗದಂಗ ಮುಚ್ಚಿದ್ರ ಬೆಂಕಿ ತಾನ ಸಾಯತೈತಿ. ಸೆರಾಂಪುರದಾಗೂ ಹಂಗ ಮುಚ್ಚಿದ್ರು. ಆರಿ ಹೋಗೂದರಾಗ ಇತ್ತು. ಅಷ್ಟರಾಗ ಯಾರೋ ಒಬ್ರು ಕಿಟಕಿ ತಗದಬಿಟ್ರು. ಅವತ್ತ ನಮ್ಮ ಕನ್ನಡಾನೂ ಸುಟ್ಟು ಹೋತು."

ಕನ್ನಡ ಸುಡುವುದೆಂದರೇನು? ಎಲ್ಲಿಯ ಸೆರಾಂಪುರ? ನಾವು ಕೇಳದೆ ಬಿಡುವವರಾಗಿರಲಿಲ್ಲ, ಅವರು ಹೇಳದೆ ಬಿಡುವವರೂ ಆಗಿರಲಿಲ್ಲ.

ಅವರು ಹೇಳಿದ್ದನ್ನು ಮುಂದೆ ನಾನು ಓದಿ ತಿಳಿದುಕೊಂಡದ್ದರ ಜೊತೆ ಸೇರಿಸಿಯೇ ಇಲ್ಲಿ ಹೇಳುತ್ತಿದ್ದೇನೆ. ಸೆರಾಂಪುರ ಕಲಕತ್ತೆಯ ಹತ್ತಿರ ಹೂಗ್ಲಿ ನದಿಯ ದಂಡೆಯ ಮೇಲಿನ ಊರು. ಬಂಗಾಳಿಗಳು ಅದನ್ನು ಶ್ರೀರಾಮಪುರ ಎನ್ನುತ್ತಾರೆ. ಇನ್ನೂರು ವರ್ಷಗಳ ಹಿಂದೆ ಅಲ್ಲಿ ಆಳುತ್ತಿದ್ದವರು ಇಂಗ್ಲಿಷರಲ್ಲ, ಡೆನ್ಮಾರ್ಕಿನವರು. ಈಸ್ಟ್ ಇಂಡಿಯಾ ಕಂಪನಿಗೆ ತನ್ನ ವ್ಯಾಪಾರಕ್ಕೆ ತೊಡಕಾದೀತೆಂಬ ಭಯದಿಂದ ಪಾದ್ರಿಗಳು ಬೇಕಿರಲಿಲ್ಲ. ತನ್ನ ಸೀಮೆಯಲ್ಲಿ ಬೋಧನೆ ಮಾಡಲು ಬಿಡುತ್ತಿರಲಿಲ್ಲ. ಹಾಗಾಗಿ ವಿಲಿಯಂ ಕೇರಿ ಎಂಬ ಬ್ಯಾಪ್ಟಿಸ್ಟ್ ಪಾದ್ರಿ 1800ರ ಜನವರಿಯಲ್ಲಿ ಡೇನರ ಈ ಊರಿಗೆ ಬಂದು ಸೇರಿದ. ಅವನು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು. ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತವನು. 1793ರಲ್ಲಿ ಬಂಗಾಳಕ್ಕೆ ಬಂದು ಏಳು ವರ್ಷ ಹಳ್ಳಿಗಾಡಿನಲ್ಲಿ ಕಳೆದಿದ್ದ. ಜೊತೆಗೆ ಇಬ್ಬರು ಬಂದು ಕೂಡಿದರು: ಜೋಶುವಾ ಮಾರ್ಶ್‌ಮನ್ ಶಾಲೆಯ ಮಾಸ್ತರ, ವಿಲಿಯಂ ವಾರ್ಡ್ ಅಚ್ಚುಕೂಟದ ಕೆಲಸ ಬಲ್ಲವನು. ಮೂವರೂ ಒಂದೇ ಮನೆತನದಂತೆ ಇದ್ದರು. ದುಡಿದದ್ದನ್ನು ಒಂದೇ ಗಂಟಿಗೆ ಹಾಕಿದರು. ಮಾರ್ಶ್‌ಮನ್‌ನ ಹೆಂಡತಿ ಹನ್ನಾ ನಡೆಸಿದ ಶಾಲೆಯ ಆದಾಯವೂ ಅದೇ ಗಂಟಿಗೇ ಬೀಳುತ್ತಿತ್ತು.

ಬ್ಯಾಪ್ಟಿಸ್ಟ್ ಎಂದರೆ ಯಾರು ಎಂದು ಯಾರೋ ಕೇಳಿದರು. ಅಜ್ಜಾರು ಸರಳವಾಗಿ ಹೇಳಿದರು: ಕೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ದೊಡ್ಡವರಾಗಿ, ತಿಳಿದು, ತಾನೇ ಒಪ್ಪಿ ಬಂದವರನ್ನು ನೀರಲ್ಲಿ ಪೂರ್ತಿ ಮುಳುಗಿಸಿ ಏಳಿಸುವವರು ಬ್ಯಾಪ್ಟಿಸ್ಟರು. "ತಿಳಿದು ಒಪ್ಪಬೇಕು ಅಂದ್ರ ಮೊದಲ ತಿಳೀಬೇಕಲ್ಲ? ತಿಳೀಬೇಕು ಅಂದ್ರ ಅವರವರ ಮಾತಿನ್ಯಾಗ ಹೇಳಬೇಕು. ಅದಕ್ಕ ಅವ್ರು ಭಾಷಾದ ಬೆನ್ನ ಹತ್ತಿದ್ರು." ಆ ಮಾತು ನನಗೆ ಅವತ್ತೇ ನಾಟಿತು. ಹೀಗೆ 1800ರ ಡಿಸೆಂಬರಿನಲ್ಲಿ ಹೂಗ್ಲಿ ನದಿಯಲ್ಲಿ ಮುಳುಗಿ ಎದ್ದ ಮೊದಲ ಬಂಗಾಳಿ ಕೃಷ್ಣಪಾಲ್, ಕಸುಬಿನಿಂದ ಬಡಿಗ. ಮರುವರ್ಷವೇ, 1801ರಲ್ಲಿ, ಬೈಬಲಿನ ಹೊಸ ಒಡಂಬಡಿಕೆ ಬಂಗಾಳಿಯಲ್ಲಿ ಅಚ್ಚಾಗಿ ಬಂತು.

ಅಚ್ಚಿನ ಕೆಲಸವನ್ನು ಅಜ್ಜಾರು ನಮಗೆ ಗಾಣದ ಸಾಮಾನುಗಳನ್ನೇ ತೋರಿಸಿ ವಿವರಿಸಿದರು. ಮೊದಲು ಉಕ್ಕಿನ ಸಣ್ಣ ಕಡ್ಡಿಯ ತುದಿಯಲ್ಲಿ ಒಂದು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೊರೆಯಬೇಕು. ಆ ಕಡ್ಡಿಯನ್ನು ತಾಮ್ರದ ತುಂಡಿನ ಮೇಲೆ ಬಡಿದರೆ ಅಕ್ಷರದ ಗುಂಡಿ ಬೀಳುತ್ತದೆ. ಆ ಗುಂಡಿಗೆ ಕರಗಿದ ಸೀಸ ಸುರಿದರೆ ಒಂದು ಮೊಳೆ. ಒಂದೊಂದು ಅಕ್ಷರಕ್ಕೂ ನೂರಾರು ಮೊಳೆ ಬೇಕು. ನಮ್ಮ ಭಾಷೆಗಳಿಗೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಕೊರೆಯುವ ಕೆಲಸವೇ ಮುಗಿಯುವಂಥದಲ್ಲ. ಸೆರಾಂಪುರದಲ್ಲಿ ಇದನ್ನು ಮಾಡಿದವರು ಬಿಳಿಯರಲ್ಲ. ಪಂಚಾನನ ಕರ್ಮಕಾರ ಎಂಬ ಕಮ್ಮಾರ ಮತ್ತು ಅವನ ಅಳಿಯ ಮನೋಹರ. ಗೋಕಾಕದ ಚಿತ್ರಗಾರರು ಕಟ್ಟಿಗೆಯಲ್ಲಿ ಮಾವು, ಬಾಳೆ, ದಾಳಿಂಬೆ ಮಾಡಿ ಬಣ್ಣ ಹಚ್ಚಿದರೆ ಕೈಚಾಚುವಂತೆ ಕಾಣುತ್ತವಲ್ಲ, ಅಂಥ ಕೈಗುಣ ಅವರದು ಎಂದರು ಅಜ್ಜಾರು. ಮಾತು ಹೇಳಿಕೊಟ್ಟವರೂ ಇಲ್ಲಿಯ ಪಂಡಿತರೇ. ಮೃತ್ಯುಂಜಯ ವಿದ್ಯಾಲಂಕಾರರಂಥ ವಿದ್ವಾಂಸರ ಬಳಿ ಕೇರಿ ದಿನವೂ ಕೂತು ಕಲಿಯುತ್ತಿದ್ದ. ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅವನು ಸ್ವತಃ ಪ್ರಾಧ್ಯಾಪಕ, ಸಂಬಳದ ಬಹುಪಾಲು ಮಿಷನ್ನಿನ ಗಂಟಿಗೆ.

1812ರ ಮಾರ್ಚ್ 11. ಸಂಜೆ. ಕೇರಿ ಕಲಕತ್ತೆಯಲ್ಲಿದ್ದ. ಸುಮಾರು 200 ಅಡಿ ಉದ್ದದ ಅಚ್ಚುಕೂಟದ ಒಂದು ತುದಿಯಲ್ಲಿ ಕಾಗದದ ಉಗ್ರಾಣ. ವಾರ್ಡ್ ತನ್ನ ಕೋಣೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದಾಗ ಹೊಗೆ ಕಂಡಿತು. ಓಡಿ ಹೋಗಿ ನೋಡಿದರೆ ಕಾಗದದ ರಾಶಿಗೆ ಬೆಂಕಿ. ವಾರ್ಡ್ ತಿಳಿದವನು, ಎಲ್ಲ ಬಾಗಿಲು, ಎಲ್ಲ ಕಿಟಕಿ ಮುಚ್ಚಿಸಿದ. ಮಾಳಿಗೆ ಹತ್ತಿಸಿ, ತೂತು ಮಾಡಿಸಿ, ಬೆಂಕಿಯ ನೆತ್ತಿಯ ಮೇಲೇ ನೀರು ಸುರಿಸಿದ. ಗಂಟೆಗಟ್ಟಲೆ ಹೀಗೆ ನಡೆಯಿತು. ಬೆಂಕಿ ಸೋಲುವ ಹಂತಕ್ಕೆ ಬಂದಿತ್ತು. ಆಗಲೇ ಒಳ್ಳೆಯದು ಮಾಡಲು ಹೋದ ಯಾರೋ ಒಂದು ಕಿಟಕಿ ತೆರೆದರು. ಗಾಳಿ ಒಳಹೊಕ್ಕಿತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆಂಕಿ ಒಂದೇ ಉಸಿರಿಗೆ ಹಬ್ಬಿತು. ನಡುರಾತ್ರಿಗೆ ಮಾಳಿಗೆ ಕುಸಿದು ಬಿತ್ತು.

ಇಷ್ಟು ಹೇಳಿ ಅಜ್ಜಾರು ಒಂದು ಗುಟುಕು ನೀರು ಕುಡಿದರು. ಒಲೆಗೆ ಸಿಪ್ಪೆ ಹಾಕುವವನು ಕೈ ನಿಲ್ಲಿಸಿ ಕೂತಿದ್ದ. ಪಾಕ ನೋಡುವ ಮುದುಕ ಅವನನ್ನು ಗದರಿಸಿದ ಮೇಲೆಯೇ ಅವನಿಗೆ ಎಚ್ಚರವಾದದ್ದು.

ಮರುದಿನ ಮಾರ್ಶ್‌ಮನ್ ದೋಣಿಯಲ್ಲಿ ಕಲಕತ್ತೆಗೆ ಹೋಗಿ ಕೇರಿಗೆ ಸುದ್ದಿ ಮುಟ್ಟಿಸಿದ. ಕೇರಿಯ ಕಣ್ಣಲ್ಲಿ ನೀರು ಬಂತು. ಸಂಜೆಗೆ ಬಂದು ನೋಡಿದರೆ ಬೂದಿಯಿಂದ ಇನ್ನೂ ಹೊಗೆ ಏಳುತ್ತಿತ್ತು. ಹೋದದ್ದೇನು? ಹತ್ತು ಸಾವಿರ ಪೌಂಡಿನಷ್ಟು ಸ್ವತ್ತು ಎಂದು ಲೆಕ್ಕ ಹಾಕಿದರು. ಆದರೆ ಲೆಕ್ಕಕ್ಕೆ ಸಿಗದ್ದು ಬೇರೆ ಇತ್ತು. ಹಲವು ಭಾಷೆಗಳ ಅನುವಾದದ ಹಸ್ತಪ್ರತಿಗಳು, ಸಂಸ್ಕೃತ ಮತ್ತು ಅದರ ಬಂಧುಭಾಷೆಗಳ ಶಬ್ದಕೋಶ, ತೆಲುಗು ವ್ಯಾಕರಣ, ಕೇರಿ ಮತ್ತು ಮಾರ್ಶ್‌ಮನ್ ಕೂಡಿ ವರ್ಷವಿಡೀ ಮಾಡಿದ್ದ ರಾಮಾಯಣದ ಅನುವಾದ. ಮತ್ತು ಕನ್ನಡ ಹೊಸ ಒಡಂಬಡಿಕೆ, ಇಡಿಯಾಗಿ.

"ರಾಮಾಯಣಾನೂ ಸುಟ್ಟಿತೇನ್ರಿ?" ಪಾಕ ನೋಡುವ ಮುದುಕ ಕೇಳಿದ. ಅವನಿಗೆ ಪಾದ್ರಿಗಳು ರಾಮಾಯಣ ಬರೆದುಕೊಂಡು ಕೂತಿದ್ದರೆಂಬುದೇ ನಂಬಲಾರದ ಮಾತಾಗಿತ್ತು.

"ಹೌದ್ರಿ. ಈ ನಾಡು ಏನ ಓದತೈತಿ, ಏನ ಹಾಡತೈತಿ ಅನ್ನೂದ ತಿಳೀದ ಇಲ್ಲಿ ಏನ ಹೇಳಾಕ ಬರತೈತಿ?" ಎಂದರು ಅಜ್ಜಾರು.

ಬೂದಿ ಕೆದಕಿದಾಗ ಒಂದು ವಿಷಯ ಗೊತ್ತಾಯಿತು. ಸೀಸದ ಮೊಳೆಗಳೆಲ್ಲ ಕರಗಿ ಗಟ್ಟಿ ಗಡ್ಡೆಯಾಗಿದ್ದವು. ಉಕ್ಕಿನ ಕಡ್ಡಿಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಪಂಚಾನನ, ಮನೋಹರರ ಕೈ ಕೊರೆದ ಅಕ್ಷರಗಳು ಹಾಗೇ ಇದ್ದವು. ಅಚ್ಚಿನ ಯಂತ್ರಗಳೂ ಪಕ್ಕದ ಕೋಣೆಯಲ್ಲಿದ್ದು ಉಳಿದುಕೊಂಡಿದ್ದವು. ಪಾದ್ರಿ ಅಜ್ಜಾರು ಬೆಲ್ಲದ ಅಚ್ಚು ಒಂದನ್ನು ಎತ್ತಿ ಹಿಡಿದು ಹೇಳಿದರು: "ಇದ ಒಂದ ಉಳದ್ರ ಸಾಕಲ್ಲ, ಬೆಲ್ಲ ಕರಗಿದ್ರೂ ಮತ್ತ ಪೆಂಟಿ ಆಗತೈತಿ. ಹಂಗ." ಕರಗಿದ ಸೀಸವನ್ನೇ ಮತ್ತೆ ಕರಗಿಸಿ ಹೊಸ ಮೊಳೆ ಎರೆಯತೊಡಗಿದರು. ಕೆಲವೇ ವಾರಗಳಲ್ಲಿ ಮೊದಲು ತಮಿಳು ಅಕ್ಷರಗಳು ಸಿದ್ಧವಾದವು, ಆಮೇಲೆ ಒಂದೊಂದಾಗಿ ಉಳಿದವು. ಇಂಗ್ಲೆಂಡಿಗೆ ಸುದ್ದಿ ಮುಟ್ಟಿದ ಮೇಲೆ ಅಲ್ಲಿಯ ಸಭೆಗಳು ಎರಡು ತಿಂಗಳೊಳಗೆ ಕಳೆದುಹೋದಷ್ಟು ಹಣ ಕೂಡಿಸಿಕೊಟ್ಟವು. ಕೇರಿ ಸುಟ್ಟ ಪುಸ್ತಕಗಳನ್ನು ಮತ್ತೆ ಮೊದಲಿನಿಂದ ಬರೆಯಲು ಕೂತ. ಕನ್ನಡವೂ ಅದರಲ್ಲಿತ್ತು. 1817ರಲ್ಲಿ ಅವನ ಕನ್ನಡ ವ್ಯಾಕರಣ ಸೆರಾಂಪುರದಲ್ಲೇ ಅಚ್ಚಾಯಿತು. ಅದರಲ್ಲಿ ನಮ್ಮ ಭಾಷೆಯನ್ನು ಅವನು 'ಕರ್ನಾಟ' ಭಾಷೆ ಎಂದು ಕರೆದ. ಮುಂದೆ ಕನ್ನಡ ಹೊಸ ಒಡಂಬಡಿಕೆಯೂ ಹೊರಬಂತು.

ಇಲ್ಲಿಗೆ ಕತೆ ಸುಖವಾಗಿ ಮುಗಿಯಿತೆಂದು ನಾವು ಅಂದುಕೊಂಡಿದ್ದೆವು. ಅಜ್ಜಾರು ಮುಗಿಸಲಿಲ್ಲ. ಅವರು ಹೇಳಿದ ಮುಂದಿನ ಮಾತೇ ನನ್ನ ಪಾಲಿಗೆ ಆ ರಾತ್ರಿಯ ತಿರುಳು.

"ಕೇರಿ ಸಾಹೇಬ್ರು ಕನ್ನಡ ನಾಡಿಗೆ ಒಂದ ಸಲನೂ ಬರಲಿಲ್ಲ ತಮ್ಮಾ. ಪಂಡಿತರನ್ನ ಕರಿಸಿ ಬಂಗಾಳದಾಗ ಕೂತ ಕನ್ನಡ ಬರದ್ರು. ಅಷ್ಟ ಕಷ್ಟಪಟ್ಟ ಬರದ ಆ ಕನ್ನಡ ನಮ್ಮ ಜನರ ಬಾಯಿಗೆ ಹತ್ತಲಿಲ್ಲ. ನಿಂತದ್ದು ಯಾವುದು? ಬಳ್ಳಾರಿದು."

ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದಿದ್ದ. ಅವನು ಅಲ್ಲಿಯ ಜನರ ನಡುವೆಯೇ ಇದ್ದು ಕನ್ನಡ ಕಲಿತ. ಅವನೂ ವಿಲಿಯಂ ರೀವ್ ಮುಂತಾದ ಜೊತೆಗಾರರೂ ದುಡಿದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅದೇ ರೀವ್ ಕನ್ನಡ-ಇಂಗ್ಲಿಷ್ ಶಬ್ದಕೋಶ ಮಾಡಿದವನು. 1820ರಲ್ಲಿ ಅದೇ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ನಮ್ಮ ಬೆಳಗಾವಿಗೆ ಬಂದ. 1832ರಲ್ಲಿ ಅಲ್ಲಿ ಶುರುವಾದ ಮಿಷನ್ ಶಾಲೆಯೇ ಮುಂದೆ ಬೆನನ್ ಸ್ಮಿತ್ ಹೈಸ್ಕೂಲಾಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬೆಳಗಾವಿಯ ಕೆಲಸ ಮೆಥೋಡಿಸ್ಟರ ಕೈಗೆ ಬಂತು. ನಮ್ಮ ಪಾದ್ರಿ ಅಜ್ಜಾರು ಆ ಮೆಥೋಡಿಸ್ಟ್ ಸಭೆಯವರು.

ಕೇರಿಗೆ ತನ್ನ ಕೆಲಸದ ಈ ಮಿತಿ ತಿಳಿದಿತ್ತೆಂದೇ ನನಗೆ ಅನ್ನಿಸುತ್ತದೆ. ಏಕೆಂದರೆ 1805ರಲ್ಲೇ ಸೆರಾಂಪುರದವರು ತಮ್ಮ ಕೆಲಸಕ್ಕೆ ಹನ್ನೊಂದು ಅಂಶಗಳ ಒಂದು ಒಪ್ಪಂದ ಬರೆದುಕೊಂಡಿದ್ದರು. ವರ್ಷಕ್ಕೆ ಮೂರು ಸಲ ಪ್ರತಿ ಠಾಣೆಯಲ್ಲೂ ಅದನ್ನು ಓದಬೇಕೆಂಬ ಕಟ್ಟಳೆ. ಈ ದೇಶದ ಜನರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕು, ಅವರನ್ನು ಸರಿಸಮಾನರೆಂದು ಕಾಣಬೇಕು, ಈ ದೇಶದವರಿಂದಲೇ ಈ ದೇಶಕ್ಕೆ ಬೋಧಕರು ಏಳಬೇಕು ಎಂಬುದು ಅದರ ಸಾರ. ಹೊರಗಿನವನು ಎಷ್ಟು ಕಲಿತರೂ ಹೊರಗಿನವನೇ. ಹಾಗಿದ್ದರೆ ಇಲ್ಲಿಯವರಿಗೇ ದೇವಶಾಸ್ತ್ರ ಕಲಿಸುವ ಒಂದು ಶಾಲೆ ಬೇಕಲ್ಲವೆ? ಆ ಯೋಚನೆಯಿಂದ 1818ರಲ್ಲಿ ಸೆರಾಂಪುರ ಕಾಲೇಜು ಹುಟ್ಟಿತು. ಅದೇ ವರ್ಷ ಅದೇ ಅಚ್ಚುಕೂಟದಿಂದ 'ಸಮಾಚಾರ ದರ್ಪಣ' ಎಂಬ ಬಂಗಾಳಿ ಪತ್ರಿಕೆಯೂ ಹೊರಟಿತು.

ಕಾಲೇಜು ಶುರುವಾದಾಗ 37 ವಿದ್ಯಾರ್ಥಿಗಳು. ಅವರೆಲ್ಲರೂ ಕ್ರೈಸ್ತರಲ್ಲ, ಹಿಂದೂ ಮನೆತನದ ಹುಡುಗರೂ ಇದ್ದರು. ಜಾತಿ, ಮತ ಕೇಳದೆ ಬಾಗಿಲು ತೆರೆದಿಡಬೇಕೆಂಬುದು ಕೇರಿಯ ಹಟ. ಸಂಸ್ಕೃತ, ಅರಬ್ಬಿ, ನಾಡಭಾಷೆ ಮೊದಲು. ಅದರ ಜೊತೆಗೆ ಯುರೋಪಿನ ವಿಜ್ಞಾನ. ಪಾದ್ರಿಯಾಗುವವನು ತನ್ನ ನೆಲದ ಶಾಸ್ತ್ರ, ಕಾವ್ಯ ಬಲ್ಲವನಾಗಿರಬೇಕು, ಇಲ್ಲದಿದ್ದರೆ ಅವನ ಮಾತಿಗೆ ಪಂಡಿತರೂ ಕಿವಿಗೊಡುವುದಿಲ್ಲ, ಪಾಮರರೂ ಕಿವಿಗೊಡುವುದಿಲ್ಲ ಎಂಬುದು ಅವರ ಲೆಕ್ಕ. 1827ರ ಫೆಬ್ರವರಿ 23ರಂದು ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್ ಈ ಕಾಲೇಜಿಗೆ ಪದವಿ ಕೊಡುವ ಹಕ್ಕಿನ ಸನ್ನದು ಕೊಟ್ಟ. 1845ರಲ್ಲಿ ಡೇನರು ಊರನ್ನು ಇಂಗ್ಲಿಷರಿಗೆ ಮಾರಿದರೂ ಆ ಸನ್ನದು ಅಳಿಯದಂತೆ ಕರಾರು ಮಾಡಿಕೊಂಡರು. ಇಂದು ಭಾರತದಾದ್ಯಂತ ಐವತ್ತಕ್ಕೂ ಹೆಚ್ಚು ದೇವಶಾಸ್ತ್ರ ಕಾಲೇಜುಗಳಲ್ಲಿ ಓದುವವರಿಗೆ ಪದವಿ ಬರುವುದು ಸೆರಾಂಪುರದ ಹೆಸರಿನಲ್ಲೇ. ಬ್ಯಾಪ್ಟಿಸ್ಟರು ಹುಟ್ಟಿಸಿದ ಆ ಕಾಲೇಜಿನ ಪದವಿಯನ್ನು ಮೆಥೋಡಿಸ್ಟರು, ದಕ್ಷಿಣ ಭಾರತ ಸಭೆಯವರು, ಲುಥೆರನರು ಎಲ್ಲರೂ ಪಡೆಯುತ್ತಾರೆ.

ಇಷ್ಟು ಹೊತ್ತು ಸುಮ್ಮನಿದ್ದ ನಮ್ಮ ಪಕ್ಕದ ಹೊಲದ ಕಾಕಾ ಆಗ ಬಾಯಿ ಬಿಟ್ಟರು. "ಎಲ್ಲಾ ಖರೇರಿ ಅಜ್ಜಾರ. ಆದ್ರ ಅವ್ರು ಬಂದದ್ದು ನಮ್ಮ ಜನರ ಧರ್ಮ ಬದಲಿ ಮಾಡಾಕಲ್ಲೇನ್ರಿ?"

ಗಾಣದ ಮನಿ ಒಂದು ಕ್ಷಣ ಸ್ತಬ್ಧವಾಯಿತು. ಅಪ್ಪ ಮುಜುಗರದಿಂದ ಅಜ್ಜಾರ ಮುಖ ನೋಡಿದ. ಅಜ್ಜಾರು ಬೇಸರ ಮಾಡಿಕೊಳ್ಳಲಿಲ್ಲ.

"ಹೌದ್ರಿ, ಅದಕ್ಕ ಬಂದಿದ್ರು. ಸುಳ್ಳ ಯಾಕ ಹೇಳಲಿ? ತಮಗ ಸಿಕ್ಕದ್ದು ಎಲ್ಲಾರಿಗೂ ಸಿಗಬೇಕು ಅಂತ ಬಂದ್ರು. ನಾನೂ ಅದನ್ನ ನಂಬಿದಾಂವ. ಆದ್ರ ಹೇಳಾಕ ಬಂದಾಂವ ಮೊದಲ ಕೇಳಬೇಕಾಗತೈತಿ. ಕೇಳಕೋತ ಕೂತಾಂವ ತಾನೂ ಬದಲಿ ಆಗತಾನ. ನಾ ಓದಿದ ಬಲ್ಮಠದಾಗ ಹಂಗ ಆತು ನೋಡ್ರಿ."

ಬಲ್ಮಠ ಇರುವುದು ಮಂಗಳೂರಿನಲ್ಲಿ. ಅಲ್ಲಿ ಬ್ಯಾಪ್ಟಿಸ್ಟರಲ್ಲ, ಬಾಸೆಲ್ ಮಿಷನ್ನಿನವರು 1847ರಲ್ಲಿ ಒಂದು ದೇವಶಾಸ್ತ್ರ ಸೆಮಿನರಿ ತೆರೆದರು. ಅದರ ಹಿಂದಿದ್ದವನು ಹರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವನು. ದಾಸರ ಪದ, ಬಸವಪುರಾಣ, ಜೈಮಿನಿ ಭಾರತಗಳನ್ನು ಹುಡುಕಿ ಅಚ್ಚು ಹಾಕಿಸಿದವನು. ಅವನ ಶಿಷ್ಯ, ಮಂಗಳೂರಿನ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಬಾಸೆಲಿಗೇ ಹೋಗಿ ಓದಿ ಬಂದು ಅದೇ ಸೆಮಿನರಿಯಲ್ಲಿ ಪಾಠ ಹೇಳಿದ. ನಮ್ಮ ಕಡೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಯಲ್ಲಿ ಬಾಸೆಲಿನವರ ಠಾಣೆಗಳಿದ್ದವು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ದುಡಿದ ಕಿಟ್ಟೆಲ್ ಸಾಹೇಬರ ಸುಮಾರು 70,000 ಶಬ್ದಗಳ ಕೋಶ 1894ರಲ್ಲಿ ಹೊರಬಂದದ್ದು ಎಲ್ಲರೂ ಬಲ್ಲ ಸಂಗತಿ.

ಅಜ್ಜಾರು ಹೇಳಬೇಕೆಂದಿದ್ದದ್ದು ಅವರ ಕತೆಯನ್ನಲ್ಲ. ಅವರು ಕಾಕಾನ ಕಡೆ ತಿರುಗಿ ಕೇಳಿದರು: "ನಿಮಗ ಸರ್ವಜ್ಞ ಬರತಾನಲ್ರಿ?"

ಬರುತ್ತಾನೆಂದರೇನು! ಕಾಕಾ ಮಾತಿಗೊಂದು ತ್ರಿಪದಿ ಹೇಳುವವರು. ಆ ರಾತ್ರಿಯೂ ಒಂದಲ್ಲ, ಮೂರು ನಾಲ್ಕು ಹೇಳಿದರು. ಅವರ ದನಿಗೆ ಗಾಣದ ಎತ್ತುಗಳ ಗಂಟೆ ಸದ್ದೂ ಕೂಡಿಕೊಂಡಿತು.

"ಇವನ್ನ ನಮ್ಮ ಮುತ್ಯಾ ಹೇಳಿಕೊಟ್ಟಾನ್ರಿ," ಎಂದರು.

"ನಿಮ್ಮ ಮುತ್ಯಾರಂಥವ್ರ ಬಾಯಾಗ ಇದ್ದದ್ದನ್ನ ಊರೂರ ತಿರಗಿ, ತಾಳಿ ಗರಿ ಹುಡುಕಿ, ಒಂದೊಂದ ಕೂಡಿಸಿ, ತಪ್ಪ-ಒಪ್ಪ ನೋಡಿ, ಪುಸ್ತಕ ಮಾಡಿದವ್ರು ಯಾರು ಗೊತ್ತೈತೇನ್ರಿ? ನಮ್ಮ ಬಲ್ಮಠದಾಗ ಓದಿದ ಪಾದ್ರಿ. ಉತ್ತಂಗಿ ಚನ್ನಪ್ಪನವರು."

ಕಾಕಾ ಮಾತಾಡಲಿಲ್ಲ. ಬಹಳ ಹೊತ್ತಿನ ಮೇಲೆ, "ಪಾದ್ರಿಗಳೇನ್ರಿ?" ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು.

ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಮಂಗಳೂರಿನ ಸೆಮಿನರಿಯಲ್ಲಿ ದೇವಶಾಸ್ತ್ರ ಓದಿ ಬಾಸೆಲ್ ಮಿಷನ್ನಿನ ಬೋಧಕರಾದರು. ಕನ್ನಡನಾಡಿನ ಜನರಿಗೆ ಧರ್ಮದ ಮಾತು ಹೇಳಬೇಕಾದರೆ ಅವರ ನಾಲಗೆಯ ಮೇಲೆ ಈಗಾಗಲೇ ಇರುವ ಧರ್ಮ ಯಾವುದು ಎಂದು ತಿಳಿಯಲು ಹೊರಟು ಸರ್ವಜ್ಞನನ್ನು ಕಂಡುಕೊಂಡರು. ಸುಮಾರು ಎರಡು ಸಾವಿರ ತ್ರಿಪದಿಗಳ ಅವರ 'ಸರ್ವಜ್ಞನ ವಚನಗಳು' 1924ರಲ್ಲಿ ಪ್ರಕಟವಾಯಿತು. ಅಲ್ಲಿಂದ ಬಸವಾದಿ ಶರಣರ ಕಡೆ ನಡೆದರು. ಅನುಭವ ಮಂಟಪ ಐತಿಹಾಸಿಕ ಸತ್ಯವೆಂದು ವಾದಿಸಿ ಗ್ರಂಥ ಬರೆದರು. ಮೋಳಿಗೆ ಮಾರಯ್ಯನ ವಚನಗಳನ್ನು ಸಂಪಾದಿಸಿದರು. 1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅದರ ಅಧ್ಯಕ್ಷರ ಪೀಠದಲ್ಲಿ ಕೂತವರು ಈ ಪಾದ್ರಿ. 'ತಿರುಳ್ಗನ್ನಡದ ತಿರುಕ' ಎಂದು ನಾಡು ಅವರನ್ನು ನೆನೆಯುತ್ತದೆ. ಅವರು ತಮ್ಮ ಕ್ರಿಸ್ತನನ್ನು ಬಿಡಲಿಲ್ಲ. ಸರ್ವಜ್ಞನನ್ನೂ ಬಸವಣ್ಣನನ್ನೂ ಬಿಡಲಿಲ್ಲ. 1962ರಲ್ಲಿ ತೀರಿಕೊಳ್ಳುವ ತನಕ ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡು ಬಾಳಿದರು.

ಆ ಹೊತ್ತಿಗೆ ಪಾಕ ಹದಕ್ಕೆ ಬಂದಿತ್ತು. ಮುದುಕ ಒಂದಿಷ್ಟನ್ನು ತಣ್ಣೀರಿಗೆ ಹಾಕಿ ಬೆರಳಿನಿಂದ ಉರುಟಿ ನೋಡಿದ. ಉಂಡೆ ಗಟ್ಟಿಯಾಗಿ ನಿಂತಿತು. ಎಲ್ಲರೂ ಎದ್ದು ಕಡಾಯಿ ಇಳಿಸುವ ಗಡಿಬಿಡಿಗೆ ಬಿದ್ದರು, ಕತೆ ಅಲ್ಲಿಗೆ ನಿಂತಿತು. ಕಾಕಾ ಮಾತ್ರ ಮರುದಿನ ಅಜ್ಜಾರು ಬಸ್ಸು ಹತ್ತುವ ಮುನ್ನ ಒಂದು ಬೆಲ್ಲದ ಪೆಂಟಿ ತಂದು ಅವರ ಚೀಲದಲ್ಲಿಟ್ಟು, ಆ ಪುಸ್ತಕ ಎಲ್ಲಿ ಸಿಗುತ್ತದೆಂದು ಕೇಳಿ ಹೆಸರು ಬರೆಸಿಕೊಂಡರು.

ಈಗ ಆ ಅಜ್ಜಾರಿಲ್ಲ, ಕಾಕಾ ಇಲ್ಲ. ನಮ್ಮ ಗಾಣವೂ ನಿಂತು ಬಹಳ ಕಾಲವಾಯಿತು. ಕಬ್ಬು ಲಾರಿ ಹತ್ತಿ ಕಾರ್ಖಾನೆಗೆ ಹೋಗುತ್ತದೆ. ಬಲ್ಮಠದ ಸೆಮಿನರಿ 1965ರಲ್ಲಿ ತುಮಕೂರಿನ ಕನ್ನಡ ಸೆಮಿನರಿಯ ಜೊತೆಗೂಡಿ ಕರ್ನಾಟಕ ಥಿಯಾಲಜಿಕಲ್ ಕಾಲೇಜಾಯಿತು. ಅದೂ ಸೆರಾಂಪುರದ ಸನ್ನದಿನ ನೆರಳಿನಲ್ಲೇ ಇದೆ. 1812ರಲ್ಲಿ ಕನ್ನಡವನ್ನು ಬೆಂಕಿಗೆ ಕಳೆದುಕೊಂಡ ಊರಿನ ಹೆಸರಿನಲ್ಲಿ ಇಂದು ಕನ್ನಡದ ಹುಡುಗರೂ ಹುಡುಗಿಯರೂ ದೇವಶಾಸ್ತ್ರದ ಪದವಿ ಪಡೆಯುತ್ತಿದ್ದಾರೆ. ನನಗೆ ಇದು ಬಹಳ ಸಂತೋಷ ಕೊಡುವ ಸಂಗತಿ.

ಧರ್ಮ ಧರ್ಮಗಳ ನಡುವೆ ಅನುಮಾನ ಹೆಚ್ಚಿರುವ ಈ ದಿನಗಳಲ್ಲಿ ಸೆಮಿನರಿ ಎಂಬ ಮಾತು ಕೇಳಿದೊಡನೆ ಹಲವರ ಹುಬ್ಬು ಗಂಟಿಕ್ಕುತ್ತದೆ. ಅಂಥವರ ಮುಂದೆ ನಾನು ಈ ಕತೆಯನ್ನೇ ಹೇಳುತ್ತೇನೆ. ಕೇರಿಯ ಕನ್ನಡ ಬಂಗಾಳದಲ್ಲಿ ಕೂತು ಬರೆದದ್ದು. ಅಷ್ಟು ತಪಸ್ಸಿದ್ದೂ ನಿಲ್ಲಲಿಲ್ಲ. ಹ್ಯಾಂಡ್ಸ್ ಬಳ್ಳಾರಿಯ ಜನರ ನಡುವೆ ಕೂತ, ನಿಂತಿತು. ಉತ್ತಂಗಿಯವರು ಹಳ್ಳಿಯ ಮುತ್ಯಾಗಳ ಮುಂದೆ ಶಿಷ್ಯನಂತೆ ಕೂತರು. ಇಡೀ ನಾಡೇ ಅವರನ್ನು ತನ್ನವರೆಂದು ಒಪ್ಪಿತು. ದೇವಶಾಸ್ತ್ರದ ಶಾಲೆ ಎಷ್ಟು ಜನರನ್ನು ತನ್ನ ಕಡೆ ಸೆಳೆಯಿತು ಎಂಬುದರಿಂದ ಅದರ ಬೆಲೆ ಕಟ್ಟಲಾಗದು. ಅಲ್ಲಿಂದ ಹೊರಬಂದವರು ತಮ್ಮ ನೆರೆಯವರ ಮಾತನ್ನು ಎಷ್ಟು ಪ್ರೀತಿಯಿಂದ ಕೇಳಿದರು, ಕೇಳಿದ್ದನ್ನು ಎಷ್ಟು ಜೋಪಾನ ಮಾಡಿದರು ಎಂಬುದೇ ಅದರ ಪರೀಕ್ಷೆ. 1805ರ ಆ ಹನ್ನೊಂದು ಅಂಶಗಳಲ್ಲಿ ಬರೆದಿಟ್ಟ ಆಸೆಯೂ ಇದೇ ಆಗಿತ್ತು.

ನಮ್ಮ ಗೋಕಾಕ, ಹುಕ್ಕೇರಿ ಕಡೆಯಿಂದ ಒಬ್ಬ ಹುಡುಗ ಅಥವಾ ಹುಡುಗಿ ಬಲ್ಮಠಕ್ಕೆ ಓದಲು ಹೊರಟರೆ ನಾನು ಹೇಳುವುದು ಇಷ್ಟೇ: ಹೀಬ್ರೂ, ಗ್ರೀಕ್ ಚೆನ್ನಾಗಿ ಕಲಿಯಿರಿ, ಅವುಗಳ ಜೊತೆಗೆ ಸರ್ವಜ್ಞ, ಶರಣರು, ದಾಸರು, ಶರೀಫರು ನಿಮ್ಮ ಬಾಯಲ್ಲಿರಲಿ. ಓದು ಮುಗಿಸಿ ಊರಿಗೆ ಬಂದಾಗ ಮೊದಲು ಪಕ್ಕದ ಹೊಲದವರ ಬಳಿ ಹೋಗಿ ಕೂತು, ಅವರು ಹೇಳುವುದನ್ನು ಪೂರ್ತಿ ಕೇಳಿ. ನಿಮ್ಮ ಮಾತನ್ನು ಹೇಳುವ ದಿನ ಅವರೇ ನಿಮ್ಮನ್ನು ಕೂರಿಸಿಕೊಂಡು ಕೇಳುತ್ತಾರೆ.